ದೂರದ ಕಣ್ಣು ಹಿಡಿದು ಸಾತನೂರಿಗೆ...

ನಾಯಕಿ ಗಕ್ಕನೆ ತಿರುಗಿ ನೋಡುತ್ತಾಳೆ. ಪರದೆ ತುಂಬ ಅವಳ ಮುಖ! ರೆಪ್ಪೆಯ ಕೂದಲು ಒಂದೊಂದೂ ಎಣಿಸಬಹುದು. ಅವಳ ಹಿಂದಿನ ಮರ, ಮನೆ, ಜನ ಎಲ್ಲ ಕರಗಿ ಬಣ್ಣದ ನೀರಾಗಿ ಹೋಗಿವೆ. ಮುಂದಿನ ಸಾಲಿನಲ್ಲಿ ಕೂತ ನಮ್ಮ ಹುಡುಗ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆಯುತ್ತಾನೆ. ಶಿಳ್ಳೆ ನಾಯಕಿಗೆ ಅಂತ ಅವನ ಲೆಕ್ಕ. ಅದರಲ್ಲಿ ಅರ್ಧ ಶಿಳ್ಳೆ ಲೆನ್ಸಿಗೆ ಸೇರಬೇಕು ಸ್ವಾಮಿ!

ಈ ಬಗೆಯ ಕ್ಲೋಸಪ್ಪಿಗೆ ಹಿಂದಿ ಚಿತ್ರರಂಗದಲ್ಲಿ ಒಂದು ಹೆಸರೇ ಹುಟ್ಟಿಕೊಂಡಿತ್ತು. 'ಗುರುದತ್ ಶಾಟ್'! 1925ರ ಜುಲೈ 9ರಂದು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಹುಡುಗ ಗುರುದತ್. 1951ರಲ್ಲಿ ತನ್ನ ಮೊದಲ ಚಿತ್ರ 'ಬಾಜಿ' ನಿರ್ದೇಶಿಸುವಾಗ 100 ಮಿಲಿಮೀಟರ್ ಲೆನ್ಸ್ ಹಾಕಿಸಿ ಮುಖಗಳನ್ನು ಹತ್ತಿರಕ್ಕೆ ಎಳೆದುಕೊಂಡ. ಮುಂದೆ ಅವನ ಜೊತೆಗೆ ನಿಂತು ಬೆಳಕು ನೆರಳಿನ ಆಟ ಆಡಿದವರು ಮೈಸೂರಿನ ವಿ.ಕೆ. ಮೂರ್ತಿ. 1959ರ 'ಕಾಗಜ್ ಕೇ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಕ್ಯಾಮರಾ ಮೂರ್ತಿಯವರದು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಎನಿಸಿದರು. ಹುಟ್ಟಿದ್ದು ಬೆಂಗಳೂರು, ಹುಟ್ಟಿದ್ದು ಮೈಸೂರು... ಗೆದ್ದದ್ದು ಬೊಂಬಾಯಿ!

ಬೆಂಗಳೂರು ಮೈಸೂರುಗಳ ನಡುವೆ ಬರುವ ಸೀಮೆಯಲ್ಲೇ ಸಾತನೂರು ಇದೆ. ನಾನು ಹೊರಟದ್ದು ಅಲ್ಲಿಗೆ. ಕೈಯಲ್ಲಿ ನಾಲ್ಕು ಸಾವಿರ ರೂಪಾಯಿಯ ಒಂದು ಹಳೇ ಲೆನ್ಸು.

ರಷ್ಯಾದ ಕೊಳವೆ

ಈಗ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಹಕ್ಕಿ, ಪ್ರಾಣಿ ತೆಗೆಯುವ ದೊಡ್ಡ ದೊಡ್ಡ ಫೋಟೋಗ್ರಾಫರುಗಳ ಹೆಗಲ ಮೇಲೆ ಫಿರಂಗಿಯಂಥ ಬಿಳೀ ಲೆನ್ಸು ನೋಡಿರುತ್ತೀರಿ. 600 ಮಿ.ಮೀ., ಎಫ್-4. ಹೊಸದಾದರೆ ಬೆಲೆ 10 ಲಕ್ಷ ದಾಟುತ್ತದೆ. ಆ ದುಡ್ಡಿಗೆ ಊರ ಕಡೆ ಒಂದು ಮನೆ ಎದ್ದೇಳುತ್ತದೆ. ಪಿಯುಸಿ ಅರ್ಧಕ್ಕೆ ಬಿಟ್ಟು, ಬರೆದ ಪುಟಕ್ಕೆ ಇಷ್ಟು ಅಂತ ಸಂಪಾದಿಸುವವನ ಕೈಗೆ ಅದು ಎಟುಕುವ ಮಾತೇ ಅಲ್ಲ. ನಿಮ್ಮಲ್ಲೂ ಬಹಳ ಜನ ಇದೇ ಬಸ್ಸಿನ ಪ್ರಯಾಣಿಕರು ಅಂತ ನನಗೆ ಗೊತ್ತು.

ಹಾಗಂತ ಆಸೆ ಬಿಡಬೇಕಾಗಿಲ್ಲ. ಸೆಕೆಂಡ್‌ಹ್ಯಾಂಡ್ ಅಂಗಡಿಗಳ ಗಾಜಿನ ಬೀರುವಿನಲ್ಲಿ, ಧೂಳು ಹಿಡಿದು ಮಲಗಿರುವ ಹಳೇ ಮ್ಯಾನ್ಯುಯಲ್ ಲೆನ್ಸುಗಳಿವೆ. ಮೋಟಾರು ಇಲ್ಲ, ಚಿಪ್ಪು ಇಲ್ಲ. ಕೈಯಿಂದ ತಿರುಗಿಸಿ ಫೋಕಸ್ ಮಾಡಬೇಕು. ನನ್ನದು ಸೋವಿಯತ್ ರಷ್ಯಾದ ಜುಪಿಟರ್-37ಎ. 135 ಮಿ.ಮೀ., ಎಫ್ 3.5. ತೂಕ 400 ಗ್ರಾಮಿನ ಆಸುಪಾಸು. ಮೈಯೆಲ್ಲ ಲೋಹ; ಕೈಗೆ ತೆಗೆದುಕೊಂಡರೆ ಸೈಕಲ್ ಪಂಪಿನ ತುಂಡು ಹಿಡಿದ ಹಾಗೆ. ರಷ್ಯಾದ ಝೆನಿಟ್ ಕ್ಯಾಮರಾಗಳು ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಅಗ್ಗದ ದರಕ್ಕೆ ಸಿಗುತ್ತಿದ್ದವು. ಅವುಗಳ ಬಂಧುಬಳಗ ಇದು. ಒಳಗಿನ ಗಾಜಿನ ಜೋಡಣೆ ಜರ್ಮನಿಯ ಸೊನ್ನಾರ್ ವಂಶದ್ದು.

ಇದರ ಒಂದು ವೈಭವ ಹೇಳಲೇಬೇಕು. ಬೆಳಕಿನ ಕಿಂಡಿಗೆ 12 ಎಸಳು! ಈಗಿನ ಸಾಮಾನ್ಯ ಲೆನ್ಸುಗಳಲ್ಲಿ 7 ಎಸಳಿದ್ದರೆ ಹೆಚ್ಚು. ಹೆಚ್ಚು ಎಸಳು ಎಂದರೆ ಕಿಂಡಿ ಕಿರಿದು ಮಾಡಿದರೂ ಗುಂಡಗೇ ಉಳಿಯುತ್ತದೆ. ಹಿಂದಿನ ದೀಪಗಳು ಮೂಲೆಯಿಲ್ಲದ ದುಂಡು ದುಂಡು ಮುತ್ತುಗಳಾಗಿ ಬೀಳುತ್ತವೆ. ಮೈಮೇಲೆ ಎರಡು ಉಂಗುರ. ಒಂದರಲ್ಲಿ ಎಷ್ಟು ಕಿರಿದು ಬೇಕು ಅಂತ ಗುರುತು ಇಟ್ಟುಕೊಳ್ಳುವುದು, ಇನ್ನೊಂದರಲ್ಲಿ ತೆಗೆಯುವುದು, ಮುಚ್ಚುವುದು. ಪೂರ್ತಿ ತೆಗೆದು ಬೆಳಕಿನಲ್ಲಿ ಫೋಕಸ್ ಮಾಡಿ, ಆಮೇಲೆ ಕಣ್ಣು ತೆಗೆಯದೆ ಗುರುತಿನ ತನಕ ಮುಚ್ಚಿ, ಕ್ಲಿಕ್!

ಇಂಥ ಲೆನ್ಸಿನ ಬೆನ್ನಿಗೆ ಎಂ-42 ಎನ್ನುವ ತಿರುಪು. 42 ಮಿ.ಮೀ. ಅಗಲ, ಎಳೆಯಿಂದ ಎಳೆಗೆ 1 ಮಿ.ಮೀ. ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಕೆಲವು ನೂರು ರೂಪಾಯಿಯ ಒಂದು ಬಳೆ (ಅಡಾಪ್ಟರ್) ಹಾಕಿದರೆ ಕೂತುಕೊಳ್ಳುತ್ತದೆ, ದಿಗಂತದವರೆಗೆ ಫೋಕಸ್ ಸಿಗುತ್ತದೆ. ನಿಕಾನ್‌ಗೆ ಅದೇ ಬಳೆ ಹಾಕಿದರೆ ದೂರದ್ದು ಸ್ಪಷ್ಟವಾಗುವುದಿಲ್ಲ. ಯಾಕೆ? ಎಂ-42 ಲೆನ್ಸಿಗೆ ಸೆನ್ಸಾರ್‌ನಿಂದ 45.46 ಮಿ.ಮೀ. ದೂರ ಬೇಕು, ನಿಕಾನ್ ಮೈಯೇ 46.5 ಮಿ.ಮೀ. ದಪ್ಪ. ಬಳೆ ಹಾಕುವ ಮೊದಲೇ ಒಂದು ಮಿಲಿಮೀಟರ್ ಸಾಲ! ಒಂದು ಮಿಲಿಮೀಟರ್ ತಾನೇ ಅನ್ನಬೇಡಿ, ಕಾಗದ ಮಡಿಸಿದಷ್ಟು ದೂರಕ್ಕೇ ಎದುರಿನ ಗುಡ್ಡ ಮಂಜಾಗಿಬಿಡುತ್ತದೆ. ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಕ್ಯಾಮರಾಗಳಿಗೆ ಈ ಚಿಂತೆ ಇಲ್ಲ. ಮೈ ತೆಳುವು, ಉದ್ದನೆಯ ಬಳೆ ಹಾಕಿಕೊಂಡರೆ ಯಾವ ಹಳೇ ಲೆನ್ಸಾದರೂ ಸರಿ. ಮೆನುವಿನಲ್ಲಿ 'ಲೆನ್ಸ್ ಇಲ್ಲದಿದ್ದರೂ ಷಟರ್ ಬೀಳಲಿ' ಎನ್ನುವ ಒಂದು ಆಯ್ಕೆ ಒತ್ತಿಕೊಳ್ಳಬೇಕು, ಅಷ್ಟೆ. ಇಲ್ಲದಿದ್ದರೆ ಲೆನ್ಸು ಕಣ್ಣಮುಂದೆ ಇದ್ದರೂ ಕ್ಯಾಮರಾ ಮಾತ್ರ ಇಲ್ಲ ಅಂತ ಹಠ ಹಿಡಿಯುತ್ತದೆ.

ಕೊಳ್ಳುವಾಗ ಮೊಬೈಲಿನ ಟಾರ್ಚ್ ಹಾಕಿ ಲೆನ್ಸಿನ ಒಳಗೆ ಇಣುಕಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಎಷ್ಟು ಕಡಿಮೆ ಹೇಳಿದರೂ ಕೈಮುಗಿದು ಎದ್ದು ಬನ್ನಿ. ಸಣ್ಣ ಗೀರು, ನಾಲ್ಕು ಧೂಳಿನ ಕಣ ಚಿತ್ರದಲ್ಲಿ ಕಾಣುವುದೇ ಇಲ್ಲ. ಅದನ್ನೇ ತೋರಿಸಿ ಐನೂರು ಇಳಿಸಿಕೊಳ್ಳಿ!

ಕೆಂಪು ಬಸ್ಸಿನಲ್ಲಿ

ಬೆಂಗಳೂರಿನಿಂದ ಕನಕಪುರ ಸುಮಾರು 55 ಕಿಲೋಮೀಟರ್. ಅಲ್ಲಿಂದ ಮಳವಳ್ಳಿ, ಕೊಳ್ಳೇಗಾಲದ ಕಡೆ ಹೋಗುವ ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ಸಾತನೂರು. ಹಿಂದೆ 209 ಅನ್ನುತ್ತಿದ್ದ ಹೆದ್ದಾರಿಗೆ ಈಗ 948 ಅಂತ ನಂಬರು. ಚನ್ನಪಟ್ಟಣದ ಕಡೆಯಿಂದಲೂ ಒಂದು ರಸ್ತೆ ಬಂದು ಸೇರುತ್ತದೆ. ರಾಮನಗರ ಜಿಲ್ಲೆಯಾದದ್ದು 2007ರಲ್ಲಿ. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಮರುನಾಮಕರಣ ಮಾಡಿತು. ಬೋರ್ಡು ಬದಲಾಯಿತು, ಬಂಡೆ ಬದಲಾಗಲಿಲ್ಲ.

ಬಂಡೆ ಅಂದಮೇಲೆ ನಿಮಗೆ ಗಬ್ಬರ್ ನೆನಪಾಗದೆ ಇರುತ್ತಾನೆಯೆ? 1973ರ ಅಕ್ಟೋಬರಿನಲ್ಲಿ ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ 'ಶೋಲೆ' ಚಿತ್ರೀಕರಣ ಶುರುವಾಯಿತು, 1975ರ ಆಗಸ್ಟ್ 15ಕ್ಕೆ ತೆರೆಕಂಡಿತು. ಮಾಗಡಿ ತಾಲ್ಲೂಕಿನ ಸಾವನದುರ್ಗಕ್ಕೆ ಡೇವಿಡ್ ಲೀನ್ ಬಂದು 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಗಳ ದೃಶ್ಯ ತೆಗೆದ. ಶೋಲೆಯ ಬೆಟ್ಟ ಈಗ ರಣಹದ್ದುಗಳ ಪಾಲು. 2012ರಿಂದ ಅದು ರಣಹದ್ದು ಧಾಮ. ಕಡಿದಾದ ಬಂಡೆಯ ಸಂದಿಯಲ್ಲಿ ಅವು ಗೂಡು ಕಟ್ಟುತ್ತವೆ. ಅಲ್ಲಿಯೂ ಹತ್ತಿರ ಹೋಗುವ ಹಾಗಿಲ್ಲ, ಕೆಳಗೆ ನಿಂತು ಉದ್ದ ಲೆನ್ಸಿನಲ್ಲೇ ನೋಡಬೇಕು.

ಸಾತನೂರಿನ ಹೆಸರು ಪತ್ರಿಕೆಯ ಸಿನಿಮಾ ಪುಟಕ್ಕಿಂತ ರಾಜಕೀಯದ ಪುಟದಲ್ಲೇ ಹೆಚ್ಚು ಓಡಾಡಿದೆ. 1985ರಲ್ಲಿ ಎಚ್.ಡಿ. ದೇವೇಗೌಡರು ಗೆದ್ದ, 1989ರಿಂದ ಡಿ.ಕೆ. ಶಿವಕುಮಾರ್ ಗೆಲ್ಲುತ್ತ ಬಂದ ವಿಧಾನಸಭಾ ಕ್ಷೇತ್ರ ಅದು. 2008ರ ಚುನಾವಣೆಯ ಹೊತ್ತಿಗೆ ಮರುವಿಂಗಡಣೆಯಲ್ಲಿ ಕ್ಷೇತ್ರವೇ ಮಾಯ! ಊರು ಮಾತ್ರ ಇದ್ದಲ್ಲೇ ಇದೆ. ಹಿಪ್ಪುನೇರಳೆ ತೋಟ, ರಾಗಿ ಹೊಲ, ತೆಂಗು, ಮಾವು... ಇವುಗಳ ಆಚೆಗೆ ಗುಡ್ಡ, ಗುಡ್ಡದಾಚೆಗೆ ಕಾಡು. ಒಂದು ಮಗ್ಗುಲಿಗೆ ಕಬ್ಬಾಳು. ಕಬ್ಬಾಳಮ್ಮನ ಗುಡಿ, ಮೇಲೆ ಸುಮಾರು 3500 ಅಡಿಯ ಕಬ್ಬಾಳದುರ್ಗ. ಒಂದು ಕಾಲಕ್ಕೆ ಸೆರೆಯಾಳುಗಳನ್ನು ಕೂಡಿಹಾಕುತ್ತಿದ್ದ ಕೋಟೆ ಅದು. ದಕ್ಷಿಣಕ್ಕೆ ಇಳಿದರೆ ಮುತ್ತತ್ತಿ, ಸಂಗಮ, ಮೇಕೆದಾಟುಗಳ ಕಾವೇರಿ ಕಣಿವೆ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ ಈಗ ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು. ಆನೆಗಳಿಗೆ ನಕ್ಷೆಯ ಗೆರೆ ಗೊತ್ತಿಲ್ಲವಲ್ಲ, ರಾಗಿ ತೆನೆ ಹಾಲುಗಟ್ಟಿದ ವಾಸನೆ ಗೊತ್ತು!

ಉದ್ದಿನ ವಡೆ ಲೆನ್ಸು

ಬಸ್‌ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ ಕಾಯುತ್ತಿದ್ದವನು ಮದುವೆ ಫೋಟೋ ತೆಗೆಯುವ ಒಬ್ಬ ಹುಡುಗ. ಹೆಸರು ಬೇಡ ಅಂದಿದ್ದಾನೆ. 'ನಮ್ಮಪ್ಪಂಗೆ ಪೇಪರ್‌ನಲ್ಲಿ ಹೆಸರು ಬಂದ್ರೆ ಆಗಲ್ಲ ಅಣ್ಣ' ಅನ್ನುವುದು ಅವನ ಕಾರಣ. ಮನೆಯಲ್ಲಿ ರೇಷ್ಮೆ. ಹುಳು ಹಣ್ಣಾಗಿ ಚಂದ್ರಂಕಿಗೆ ಬಿಡುವ ದಿನ ಬಂದರೆ ಯಾವ ಮದುವೆಯೂ ಇಲ್ಲ, ಕ್ಯಾಮರಾ ಮೂಲೆಗೆ. ಅವನ ಹತ್ತಿರ ಇರುವುದು ನಿಕಾನ್‌ನ ಅಗ್ಗದ ಡಿಎಸ್‌ಎಲ್‌ಆರ್, ಅದರ ಮೂತಿಗೆ ಬೋಗುಣಿಯಂಥ ಒಂದು ಗಿಡ್ಡ ಲೆನ್ಸು. 500 ಮಿ.ಮೀ. ಅಂದರೆ ನಂಬುವುದು ಕಷ್ಟ.

ಗಿಡ್ಡ ಯಾಕೆ ಅಂದರೆ ಅದು ಕನ್ನಡಿ ಲೆನ್ಸು. ಬೆಳಕು ಒಳಗೆ ಹೋಗಿ ಹಿಂದಿನ ಕನ್ನಡಿಗೆ ಬಡಿದು, ಮುಂದಿನ ಚಿಕ್ಕ ಕನ್ನಡಿಗೆ ತಿರುಗಿ, ಮತ್ತೆ ಹಿಂದಕ್ಕೆ ಓಡಿ ಸೆನ್ಸಾರ್ ಸೇರುತ್ತದೆ. ಅರ್ಧ ಮೀಟರ್ ದಾರಿಯನ್ನು ಮೂರು ಮಡಿಕೆ ಮಡಿಸಿ ಅಂಗೈ ಉದ್ದಕ್ಕೆ ಇಳಿಸಿದ ಕಸರತ್ತು. ಈ ಬಗೆಯಲ್ಲಿ ಹೆಸರು ಮಾಡಿದವನು ರಷ್ಯಾದ ಮಕ್ಸುತೊವ್. 1941ರಲ್ಲಿ ದೂರದರ್ಶಕಕ್ಕೆ ಅಂತ ಅವನು ಕಂಡುಕೊಂಡ ಉಪಾಯವೇ ಮುಂದೆ ರಷ್ಯಾದ ಕ್ಯಾಮರಾ ಲೆನ್ಸಾಯಿತು. ಈಗ ಇಂಥವು ಬೇರೆ ಬೇರೆ ದೇಶಗಳಿಂದ ಅಗ್ಗದ ಬೆಲೆಗೆ ಬರುತ್ತವೆ.

ಅಗ್ಗದ್ದಕ್ಕೆ ತಕ್ಕ ಕಾಟವೂ ಉಂಟು. ಕಿಂಡಿ ಎಫ್-8ಕ್ಕೆ ಬೆಸುಗೆ ಹಾಕಿದ ಹಾಗೆ, ತೆಗೆಯುವಂತಿಲ್ಲ ಮುಚ್ಚುವಂತಿಲ್ಲ. ಮಧ್ಯದಲ್ಲಿ ಚಿಕ್ಕ ಕನ್ನಡಿ ಅಡ್ಡ ಇರುವುದರಿಂದ ಹಿಂದಿನ ಹೊಳೆಯುವ ಚುಕ್ಕಿಗಳೆಲ್ಲ ತೂತಿರುವ ವೃತ್ತಗಳಾಗುತ್ತವೆ. ಇಂಗ್ಲಿಷಿನವರು ಡೋನಟ್ ಅನ್ನುತ್ತಾರೆ. ಸಾತನೂರಿನ ಟೀ ಅಂಗಡಿಯ ಯಜಮಾನರು ಕ್ಯಾಮರಾ ಪರದೆಯಲ್ಲಿ ಕೆರೆಯ ನೀರಿನ ಹೊಳಪು ನೋಡಿ ಅಂದದ್ದು: 'ಇದೇನ್ ಸ್ವಾಮಿ, ಬೆಳ್ಳಕ್ಕಿ ಹಿಂದೆ ಉದ್ದಿನ್ ವಡೆ ಕರಿಯಕ್ ಬಿಟ್ಟವ್ರೆ!' ನನಗೇನೋ ಈ ಹೆಸರೇ ಸರಿ ಅನ್ನಿಸಿತು. ಉದ್ದಿನ ವಡೆ ಲೆನ್ಸು!

ಇನ್ನೊಂದು ಕಾಟ ಮೀಟರಿನದು. ನನ್ನ ಕ್ಯಾನನ್ ಹಳೇ ಲೆನ್ಸು ಹಾಕಿದರೂ ಬೆಳಕು ಅಳೆದು ಷಟರು ತಾನೇ ಹೇಳುತ್ತದೆ. ಕಿಂಡಿಯ ಜಾಗದಲ್ಲಿ ಮಾತ್ರ 00 ಅಂತ ಸೊನ್ನೆ ಸುತ್ತುತ್ತದೆ. ನಿಕಾನ್‌ನ ಕೆಳದರ್ಜೆಯ ಮಾಡೆಲ್ಲುಗಳು ಚಿಪ್ಪಿಲ್ಲದ ಲೆನ್ಸು ಕಂಡರೆ ಅಳೆಯುವುದೇ ಇಲ್ಲ, ಬಾಯಿಮುಚ್ಚಿ ಕೂತುಬಿಡುತ್ತವೆ. ಎಲ್ಲ ಅಂದಾಜು. ಅದಕ್ಕೆ ಫಿಲಂ ಕಾಲದ ಬಾಯಿಪಾಠ ಇದೆಯಲ್ಲ: ಚೆನ್ನಾದ ಬಿಸಿಲಿನಲ್ಲಿ ಎಫ್-16, ಷಟರು ಐಎಸ್‌ಒದಷ್ಟೇ. ಐಎಸ್‌ಒ 400 ಇಟ್ಟರೆ 1/400. ಎಫ್-8 ಎರಡು ಮೆಟ್ಟಿಲು ಮೇಲೆ, ಹಾಗಾಗಿ 1/1600. ಹುಡುಗನಿಗೆ ಇದು ಮಗ್ಗಿಯ ಹಾಗೆ ಬರುತ್ತದೆ. 'ಮೋಡ ಬಂದ್ರೆ 800, ಮರದ ನೆಳ್ಳಾದ್ರೆ 200, ಅಷ್ಟೇಯಣ್ಣ' ಅನ್ನುತ್ತಾನೆ.

ಮತ್ತೊಂದು ಎಚ್ಚರಿಕೆ. ಅವನ ಲೆನ್ಸಿನ ಬೆನ್ನಿನ ತಿರುಪೂ 42 ಮಿ.ಮೀ. ಅಗಲವೇ. ಆದರೆ ಅದು ಟಿ-ಮೌಂಟ್. ಎಳೆಯಿಂದ ಎಳೆಗೆ 0.75 ಮಿ.ಮೀ. ಮಾತ್ರ. ನನ್ನ ಬಳೆ ಅವನ ಲೆನ್ಸಿಗೆ ಅರ್ಧ ಸುತ್ತು ಹತ್ತುತ್ತದೆ, ಆಮೇಲೆ ಬಿಗಿ. 'ಸ್ವಲ್ಪ ಒತ್ತಿದ್ರೆ ಕೂರತ್ತೆ' ಅನ್ನುವ ಅಂಗಡಿಯವನ ಮಾತು ನಂಬಿದಿರೋ, ಎಳೆ ಹರಿದು ಎರಡೂ ಹಾಳು. ಕೇಳಿ ಕೊಳ್ಳಿ!

ತಂತಿಯ ಮೇಲೆ ನೀಲಕಂಠ

ಬೆಳಿಗ್ಗೆ ಏಳೂವರೆ. ಕರೆಂಟು ತಂತಿಯ ಮೇಲೆ ನೀಲಕಂಠ. ನಮ್ಮ ರಾಜ್ಯಪಕ್ಷಿ. ಕೂತಾಗ ಮಣ್ಣು ಬಣ್ಣದ ಸನ್ಯಾಸಿ, ರೆಕ್ಕೆ ಬಿಚ್ಚಿದರೆ ಹೋಳಿ ಹಬ್ಬ! ಆಟೋಫೋಕಸ್ ಇಲ್ಲದ ಲೆನ್ಸಿನಲ್ಲಿ ಹಾರುವ ಹಕ್ಕಿ ಹಿಡಿಯುವುದು ಹೇಗೆ ಅಂತ ನೀವು ಕೇಳುತ್ತೀರಿ. ಹಿಡಿಯುವುದೇ ಬೇಡ. ಈ ಹಕ್ಕಿ ನೆಲದ ಮೇಲಿನ ಹುಳ ನೋಡಿ ಕೆಳಗೆ ಬೀಳುತ್ತದೆ, ಹಿಡಿದುಕೊಂಡು ಮತ್ತೆ ಅದೇ ತಂತಿಗೆ, ಬಹುಪಾಲು ಅದೇ ಜಾಗಕ್ಕೆ ಬರುತ್ತದೆ. ಅದು ಕೂತಿರುವಾಗಲೇ ತಂತಿಗೆ ಫೋಕಸ್ ಮಾಡಿ ಉಂಗುರ ಅಲ್ಲಾಡದ ಹಾಗೆ ಒಂದು ರಬ್ಬರ್‌ಬ್ಯಾಂಡ್ ಸುತ್ತಿಟ್ಟುಬಿಡಿ. ಹಾರಿ ಹೋಯಿತೆ? ಹೋಗಲಿ. ಕಾಯಿರಿ. ಬಂದು ಕೂರುವ ಗಳಿಗೆಯಲ್ಲಿ ರೆಕ್ಕೆ ಬಿಚ್ಚಿಯೇ ಇರುತ್ತದೆ. ಆಗ ಕ್ಲಿಕ್! ನಾಟಕದಲ್ಲಿ ನಟ ಬರುವ ಮೊದಲೇ ದೀಪ ಬಿಟ್ಟು ಕಾಯುವುದಿಲ್ಲವೆ, ಹಾಗೆ.

20 ಮೀಟರ್ ದೂರದಲ್ಲಿ ನಿಂತರೆ 500ರ ಲೆನ್ಸು ಆ ಹಕ್ಕಿಯನ್ನು ಚೌಕಟ್ಟಿನ ಎತ್ತರದ ಅರ್ಧದಷ್ಟು ತುಂಬಿಸುತ್ತದೆ. ಹಿಂದೆ ಮುಂದೆ ಸ್ಪಷ್ಟವಾಗಿರುವ ಜಾಗ ಸುಮಾರು ಅರ್ಧ ಮೀಟರು. 10 ಮೀಟರಿಗೆ ಹೋದರೆ ಅದು ಐದೇ ಅಂಗುಲ; ಕೊಕ್ಕಿಗೆ ಫೋಕಸ್ ಆದರೆ ಬಾಲ ಮಂಜು. ಕೈನಡುಕ ಬೇರೆ. 500 ಮಿ.ಮೀ. ಅಂದರೆ ಕ್ಯಾಮರಾದ ಚಿಕ್ಕ ಸೆನ್ಸಾರಿಗೆ 750ರ ಸಮ. ಷಟರು 1/750ಕ್ಕಿಂತ ನಿಧಾನವಾದರೆ ಸ್ಟ್ಯಾಂಡು ಬೇಕೇ ಬೇಕು. ಸ್ಟ್ಯಾಂಡಿಗೆ ದುಡ್ಡಿಲ್ಲದಿದ್ದರೆ ಐದು ಕಿಲೋ ರಾಗಿ ತುಂಬಿದ ಚೀಲ ಬಂಡೆಯ ಮೇಲಿಟ್ಟು ಲೆನ್ಸು ಒರಗಿಸಿ. ಯಾವ ವಿದೇಶಿ ಬೀನ್‌ಬ್ಯಾಗೂ ಇದರ ಮುಂದೆ ನಿಲ್ಲಲ್ಲ! ಎರಡು ಸೆಕೆಂಡಿನ ಟೈಮರ್ ಹಾಕಿದರೆ ಬೆರಳಿನ ಅದುರೂ ಹೋಯಿತು. ಫೋಕಸ್ ಸರಿಯಾಗಿದೆಯೇ ಅಂತ ನೋಡಲು ಕಿಂಡಿಗೆ ಕಣ್ಣಿಡಬೇಡಿ. ಲೈವ್ ವ್ಯೂ ಹಾಕಿ ಹತ್ತು ಪಟ್ಟು ದೊಡ್ಡದು ಮಾಡಿ ಹಕ್ಕಿಯ ಕಣ್ಣು ನೋಡಿ.

ಒಂಬತ್ತೂವರೆ ದಾಟಿದರೆ ಮೂಟೆ ಕಟ್ಟುವುದೇ ಲೇಸು. ನೆಲ ಕಾದು ಗಾಳಿ ಅಲೆಯಾಡುತ್ತದೆ. ನೂರಿನ್ನೂರು ಮೀಟರ್ ಆಚೆಯದೆಲ್ಲ ನೀರಿನಲ್ಲಿ ಕಂಡ ಹಾಗೆ ತೇಲುತ್ತದೆ. ಹತ್ತು ಲಕ್ಷದ ಲೆನ್ಸಿಗೂ ಆ ಝಳಕ್ಕೆ ಮದ್ದಿಲ್ಲ. ನಮ್ಮ ಸಿನಿಮಾ ಹೀರೋ ಕಾದ ಟಾರು ರಸ್ತೆಯಲ್ಲಿ ನಡುಗುವ ಬಿಸಿಲಿನ ಒಳಗಿಂದ ನಡೆದು ಬರುತ್ತಾನಲ್ಲ, ಎಷ್ಟು ನಡೆದರೂ ಹತ್ತಿರವೇ ಆಗದ ಹಾಗೆ! ಅದು ಇದೇ ಝಳ, ಇದೇ ಉದ್ದ ಲೆನ್ಸಿನ ಮಾಯೆ. 1967ರ 'ದಿ ಗ್ರಾಜುಯೇಟ್' ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್ ಪ್ರೇಯಸಿಯ ಮದುವೆ ತಪ್ಪಿಸಲು ಓಡುತ್ತಾನೆ, ಓಡುತ್ತಲೇ ಇರುತ್ತಾನೆ, ಇದ್ದಲ್ಲೇ ಇದ್ದಾನೆ ಅನ್ನಿಸುತ್ತದೆ. ಉದ್ದ ಲೆನ್ಸು ದೂರವನ್ನು ಹಿಂಡಿ ಚಪ್ಪಟೆ ಮಾಡುತ್ತದೆ. ಜಪಾನಿನ ಕುರೊಸಾವಾ 1954ರ 'ಸೆವೆನ್ ಸಮುರಾಯ್' ಯುದ್ಧಕ್ಕೆ ಇಂಥ ಲೆನ್ಸು ಹಾಕಿದ್ದೂ ಇದಕ್ಕೇ. ಕುದುರೆ, ಕೆಸರು, ಮನುಷ್ಯರು ಎಲ್ಲ ಒಬ್ಬರ ಮೇಲೊಬ್ಬರು ಬಿದ್ದ ಹಾಗೆ.

ಕೈಫೋಕಸಿನ ಲೆನ್ಸು ಅಂದರೆ ಮೂಗು ಮುರಿಯುವ ಗೆಳೆಯರಿದ್ದಾರೆ. ಅವರಿಗೆ ಒಂದು ತಾರೀಖು ಹೇಳಿ: 1985. ಮಿನೋಲ್ಟಾ 7000 ಬಂದು ಆಟೋಫೋಕಸ್ ಎಸ್‌ಎಲ್‌ಆರ್ ಜನಪ್ರಿಯವಾದದ್ದು ಆ ವರ್ಷ. ಅದಕ್ಕೆ ಮೊದಲು ನಮ್ಮ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ತೆಗೆದ ಹುಲಿ, ಆನೆ, ಹಕ್ಕಿ ಎಲ್ಲವೂ ಬೆರಳಿನಿಂದ ಫೋಕಸ್ ಮಾಡಿದ್ದೇ. ಒಂದು ರೋಲಿಗೆ 36 ಚಿತ್ರ. ತೊಳೆದು ಬರುವ ತನಕ ಏನು ಬಿದ್ದಿದೆ ಗೊತ್ತಿಲ್ಲ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಬಿದ್ದಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನು ಮರೆಯುವುದುಂಟೆ? 'ಅಬಚೂರಿನ ಪೋಸ್ಟಾಫೀಸು', 'ತಬರನ ಕಥೆ' ಚಿತ್ರಗಳ ಕಥೆ ಕೊಟ್ಟ ಕೈಯೇ ಕ್ಯಾಮರಾದ ಉಂಗುರವನ್ನೂ ತಿರುಗಿಸಿತ್ತು.

ಹಗಲೆಲ್ಲ ನನ್ನ 135 ಊರೊಳಗೆ ಕೆಲಸ ಮಾಡಿತು. ಟೀ ಅಂಗಡಿಯ ಯಜಮಾನರನ್ನು ಕೇಳಿಯೇ ಮೂರು ಮೀಟರ್ ದೂರದಿಂದ ಒಂದು ಮುಖ ತೆಗೆದೆ. ಎಫ್ 3.5ರಲ್ಲಿ ಸ್ಪಷ್ಟವಾಗಿರುವುದು ಎರಡೂವರೆ ಇಂಚು ಮಾತ್ರ. ಕಣ್ಣು ಚೂಪು, ಕಿವಿ ಮೆತ್ತಗೆ, ಹಿಂದಿನ ಬಸ್ಸು ಕೆಂಪು ನೀರು. ಸಾಕ್ಷಾತ್ ಗುರುದತ್ ಶಾಟ್! ಯಜಮಾನರು ಒಂದು ಮಾತೂ ಸೇರಿಸಿದರು: 'ನಮ್ದು ಎಷ್ಟಾದ್ರೂ ತಗೀರಿ ಸ್ವಾಮಿ. ನೀರು ತರೋ ಹೆಣ್ಮಕ್ಕಳ ಕಡೆ ಮಾತ್ರ ಆ ಕೊಳಾಯಿ ತಿರುಗಿಸ್ಬೇಡಿ. ಹೋದ್ ಸಲ ಒಬ್ಬ ಬಂದಿದ್ದ, ಒದ್ದು ಬಸ್ ಹತ್ತಿಸಿದ್ರು.' ಓದುಗ ಮಿತ್ರರೇ, ಸರಿಯಾಗೇ ಹತ್ತಿಸಿದ್ದಾರೆ. ದೂರದಿಂದ ಕದ್ದು ತೆಗೆಯುವ ಚಪಲದವರಿಂದಲೇ ಉದ್ದ ಲೆನ್ಸಿಗೆ ಕೆಟ್ಟ ಹೆಸರು.

ಅಟ್ಟಣೆಯ ಮೇಲೆ

ಡಿಸೆಂಬರು. ರಾಗಿ ಕೊಯ್ಲಿನ ಕಾಲ. ಸಂಜೆ ಹುಡುಗ ತನ್ನ ಹೊಲಕ್ಕೆ ಕರೆದುಕೊಂಡು ಹೋದ. ಹೊಲದ ಅಂಚಿಗೆ ಮರದ ಮೇಲೆ ಅಟ್ಟಣೆ, ಅಟ್ಟಣೆಯಲ್ಲಿ ಅವನ ತಂದೆ, ಪಕ್ಕದಲ್ಲಿ ತಮಟೆ, ಪಟಾಕಿ, ದೊಡ್ಡ ಟಾರ್ಚು. 'ಬಾಪ್ಪಾ, ಹತ್ಕ. ಇವತ್ತು ಬತ್ತವೆ. ನಿನ್ನೆ ಆಚೆ ಹೊಲದಲ್ಲಿ ಮೇದು ಹೋಗವೆ' ಅಂದರು. ಯಾರು ಅಂತ ಹೇಳಲಿಲ್ಲ. ಹೆಸರು ಹಿಡಿದರೆ ಬಂದುಬಿಡುತ್ತವೆ ಎನ್ನುವ ಹಾಗೆ.

ಬಂದವು. ಸೂರ್ಯ ಇಳಿದು ಇಪ್ಪತ್ತು ನಿಮಿಷ. ಕಾಡಿನ ಅಂಚಿನ ಬಂಡೆಯ ಮಗ್ಗುಲಲ್ಲಿ ಮೊದಲು ಒಂದು ಕಿವಿ ಆಡಿತು, ಆಮೇಲೆ ಬೆನ್ನು, ಆಮೇಲೆ ಇನ್ನೆರಡು. ಅಂದಾಜು 100 ಮೀಟರ್. ಹುಡುಗನ 500 ಲೆನ್ಸಿನಲ್ಲಿ ಒಂದೊಂದು ಆನೆಯೂ ಚೌಕಟ್ಟು ತುಂಬುತ್ತಿತ್ತು. ಆದರೆ ಎಫ್-8ರ ಕಿಂಡಿಗೆ ಬೆಳಕೇ ಇಲ್ಲ. ಐಎಸ್‌ಒ 3200ಕ್ಕೆ ಏರಿಸಿದರೂ ಷಟರು 1/15. ಸೊಂಡಿಲು ಹೊಗೆಯ ಹಾಗೆ ಬಿತ್ತು. ನನ್ನ ರಷ್ಯಾದ ಕೊಳವೆ ಅದಕ್ಕಿಂತ ಐದು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಚಿತ್ರದಲ್ಲಿ ಆನೆ ಚಿಕ್ಕದು, ಎತ್ತರದಲ್ಲಿ ಐದನೇ ಒಂದು ಪಾಲು. ಸುತ್ತ ರಾಗಿ, ಹಿಂದೆ ಕಪ್ಪು ಗುಡ್ಡ. ನನಗೆ ಅದೇ ಹೆಚ್ಚು ಹಿಡಿಸಿತು. ಆನೆಯೊಂದೇ ಇದ್ದಿದ್ದರೆ ಮೃಗಾಲಯದಲ್ಲಿ ತೆಗೆದದ್ದು ಅನ್ನಬಹುದಿತ್ತು. ಇದರಲ್ಲಿ ಅದು ಯಾರ ಹೊಲದಲ್ಲಿ ನಿಂತಿದೆ ಅನ್ನುವುದೂ ಕಾಣುತ್ತದೆ.

ಅಷ್ಟರಲ್ಲಿ ಕೆಳಗೆ ಮೂರು ಬೈಕು. ಆರು ಹುಡುಗರು, ಆರು ಫೋನು! ಟಾರ್ಚು ಬಿಟ್ಟುಕೊಂಡು, ಕೂಗುತ್ತ, ಬದುವಿನ ಮೇಲೆ ಓಡಿದರು. ಅಟ್ಟಣೆಯ ಮೇಲಿಂದ ಯಜಮಾನರ ದನಿ ಒಡೆಯಿತು: 'ಹೋಗ್ಬೇಡ್ರಲಾ! ಮರಿ ಅದೆ! ತಿರೀಕ್ಕಳ್ರಲಾ ಹಿಂದಕ್ಕೆ!' ಒಂದು ಆನೆ ಕಿವಿ ಅಗಲಿಸಿ ಎರಡು ಹೆಜ್ಜೆ ಮುಂದೆ ಬಂತು. ಅಷ್ಟೇ ಸಾಕಾಯಿತು, ಹುಡುಗರು ಚಪ್ಪಲಿ ಬಿಟ್ಟು ಓಡಿದರು. ಏನೂ ಆಗಲಿಲ್ಲ. ಆಗಬಹುದಿತ್ತು.

ಲೆಕ್ಕ ಹಾಕಿ ನೋಡಿ. ಫೋನಿನ ಮುಖ್ಯ ಲೆನ್ಸು ಸುಮಾರು 26 ಮಿ.ಮೀ.ಗೆ ಸಮ. 500ರ ಲೆನ್ಸಿನಲ್ಲಿ 100 ಮೀಟರ್ ದೂರದಿಂದ ಎಷ್ಟು ದೊಡ್ಡ ಆನೆ ಸಿಗುತ್ತದೋ, ಅಷ್ಟೇ ದೊಡ್ಡದು ಫೋನಿನಲ್ಲಿ ಬೇಕಾದರೆ ನೀವು ಮೂರೂವರೆ ಮೀಟರಿಗೆ ಹೋಗಬೇಕು. ನನ್ನ 135ರ ಚಿತ್ರ ಬೇಕಾದರೆ 12 ಮೀಟರಿಗೆ. ಓಡುವ ಆನೆಯ ವೇಗ ಗಂಟೆಗೆ 25 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ ಏಳು ಮೀಟರ್. 12 ಮೀಟರ್ ಅಂದರೆ ಎರಡು ಸೆಕೆಂಡೂ ಇಲ್ಲ! 'ಶೋಲೆ' ಗಬ್ಬರ್ ಕೂಡ ಎದುರಾಳಿಗೆ ಅದಕ್ಕಿಂತ ಹೆಚ್ಚು ಹೊತ್ತು ಕೊಟ್ಟಿದ್ದ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಒಬ್ಬರು ಆನೆಯ ಫೋಟೋಗೆ ಅಂತ ಹತ್ತಿರ ಹೋಗಿ, ಆನೆ ಅಟ್ಟಿಸಿಕೊಂಡು ಬಂದು ಬೀಳಿಸಿ ತುಳಿದದ್ದನ್ನು ನಿಮ್ಮಲ್ಲಿ ಬಹಳ ಮಂದಿ ವಿಡಿಯೋದಲ್ಲಿ ನೋಡಿದ್ದೀರಿ. ಪುಣ್ಯಕ್ಕೆ ಬದುಕಿದರು, ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಆ ದಂಡದ ದುಡ್ಡಿಗೆ ನನ್ನಂಥ ಲೆನ್ಸು ಬಳೆಯ ಸಮೇತ ಐದು ಬರುತ್ತವೆ. ವನ್ಯಧಾಮದ ಒಳಗೆ ಪ್ರಾಣಿಯನ್ನು ಕೆಣಕುವುದೇ 1972ರ ಕಾಯ್ದೆಯ ಪ್ರಕಾರ ಅಪರಾಧ. ಹೊಲದಲ್ಲಿ ಕಾಯ್ದೆಗಿಂತ ಮೊದಲು ಆನೆಯೇ ಬಂದುಬಿಡುತ್ತದೆ.

ಹುಡುಗರು ಕೆರಳಿಸಿ ಹೋದ ಮೇಲೆ ಗುಂಪು ಕಾಡಿಗೆ ಹಿಂದಿರುಗಲಿಲ್ಲ, ಬೆದರಿ ಹೊಲದ ನಡುವೆಯೇ ನುಗ್ಗಿ ಆಚೆಗೆ ದಾಟಿತು. ಇಲ್ಲದಿದ್ದರೆ ತಮಟೆ ಬಡಿದು ಬಂದ ದಾರಿಯಲ್ಲೇ ಕಳಿಸುತ್ತಿದ್ದೆ ಅಂತ ಯಜಮಾನರು ರಾತ್ರಿಯೆಲ್ಲ ಹೇಳುತ್ತಿದ್ದರು. 'ಅವು ಗಣೇಸಪ್ಪ, ಅವುನ್ನ ಏನ್ ಅನ್ನದು? ತಿಂದಿದ್ದು ನಾಕ್ ಹಿಡಿ, ತುಳ್ದಿದ್ದು ನಲವತ್ತು.'

ಬೆಳಿಗ್ಗೆ ನೋಡಿದರೆ ಕೊಯ್ಲಿಗೆ ಬಂದಿದ್ದ ರಾಗಿ ಚಾಪೆ ಹಾಸಿದ ಹಾಗೆ ಮಲಗಿತ್ತು. ಹುಡುಗ ಲೆನ್ಸು ಚೀಲಕ್ಕೆ ಹಾಕಿ ತನ್ನ ಫೋನು ತೆಗೆದ. ಪರಿಹಾರದ ಅರ್ಜಿಗೆ ಚಿತ್ರ ಬೇಕು. ಅದಕ್ಕೆ ಉದ್ದ ಲೆನ್ಸು ಕೆಲಸಕ್ಕೆ ಬಾರದು, ಇಡೀ ಹೊಲ ಒಂದೇ ಚೌಕಟ್ಟಿನಲ್ಲಿ ಕಾಣಬೇಕು. ಬದುವಿನ ಗುರುತುಕಲ್ಲು ಬರುವ ಹಾಗೆ ಒಂದು, ಹೆಜ್ಜೆಯ ಪಕ್ಕ ತನ್ನ ಚಪ್ಪಲಿ ಇಟ್ಟು ಒಂದು, ಮುರಿದ ಬೇಲಿಯದು ಒಂದು. ನಾನು ತೆಗೆದ ಸಂಜೆಯ ಚಿತ್ರವನ್ನೂ ಜೊತೆಗೆ ಸೇರಿಸುತ್ತೇನೆ ಅಂದ. ಅವನ ತಂದೆ ಅದನ್ನು ಕ್ಯಾಮರಾ ಪರದೆಯಲ್ಲಿ ಬಹಳ ಹೊತ್ತು ನೋಡಿದರು.

'ಇದುನ್ನ ದೊಡ್ಡದಾಗಿ ಕಟ್ಟು ಹಾಕ್ಸ್ಕೊಡಪ್ಪ, ದೇವ್ರ ಗೂಡಲ್ಲಿ ಮಡಿಕತ್ತೀನಿ' ಅಂದರು. ಆಮೇಲೆ ಮಗನ ಕಡೆ ತಿರುಗಿ, 'ಲೋ, ಮೊದ್ಲು ಆ ಅರ್ಜಿ ಬರಿಲಾ. ಹತ್ತೂವರೆಗೆ ಬಸ್ಸು.'